ಸೊಂಟದಲ್ಲೊಂದು ಮೂಗು

ಸುಮ್ಮನಿದೆ, ಇನ್ನೂ ಸುಮ್ಮನಿದೆ, ಲಂಗದ ಪಟ್ಟಿಯೊಳಗೆ ಬೆಂಕಿಪೊಟ್ಟಣದಷ್ಟು ಗಾತ್ರದ ಆ ಡಬ್ಬಿ ಹೊಟ್ಟೆಗೆ ಒತ್ತಿಕೊಂಡು ಬೆಚ್ಚಗಿದೆ, ಅದುರುತ್ತಿಲ್ಲ, ಅದುರದಿದ್ದರೆ ಎಲ್ಲ ಸರಿಯಿದೆ ಎಂದೇ ಅರ್ಥ, ರಿಹೇಮ್ ನೂರು ಸಲ ಹೇಳಿದ್ದಾಳೆ, ಆದರೂ ಮೊಂಜಿಯಾಳ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ, ಮುಟ್ಟಿ ವಾಪಸು ಬರುತ್ತದೆ — ಅಂಗಳದ ತುಂಬ ಹೆಂಗಸರು, ಡೋಲಿನ ಬಡಿತ, ಹುರಿದ ಬಾದಾಮಿಯ ಘಮ, ತಟ್ಟೆಯಲ್ಲಿ ಕಲಸಿಟ್ಟ ಮದರಂಗಿಯ ಹಸಿ ವಾಸನೆ, ಅಡಿಯಲ್ಲಿ ಅದೇ ಹಳದಿ ಮಖಮಲ್ಲಿನ ದಿಂಬು, ನಾಬುಲ್ ಊರಿನ ಈ ಮನೆತನದಲ್ಲಿ ಯಾರ ಮದುವೆಯಾದರೂ ಅದೇ ಹನ್ನೆರಡು ದಿಂಬು ಮನೆಯಿಂದ ಮನೆಗೆ ಹೋಗುತ್ತವೆ, ತಾನು ಕೂತಿರುವುದು ಆ ದಿಂಬೇ ಇರಬಹುದು, ಒಗೆದಿರುತ್ತಾರೆ, ಒಗೆದರೂ ಹೋಗುತ್ತದೆಯೇ ಅಂಥದ್ದು, ಮೂರು ವರ್ಷವಾಯಿತು, ಝಕಿಯಾಳ ಮಗನ ಮದುವೆ, ಗಂಡನ ತಂಗಿ ಅಂದಮೇಲೆ ಹೋಗದೆ ಇರಲಾದೀತೇ, ಯಾರೋ ಏನೋ ಹೇಳಿದರು, ಹೊಟ್ಟೆ ಹಿಡಿದುಕೊಂಡು ನಕ್ಕೆ, ನಗುವಾಗಲೇ ಆಗಿಹೋಗಿತ್ತು, ಎದ್ದಾಗ ಹಳದಿಯ ನಡುವೆ ರೊಟ್ಟಿಯಗಲದ ಕಪ್ಪು ಒದ್ದೆ, ಝಕಿಯಾ ಆ ದಿಂಬನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, ಯಾರ ಮಗು ಕೂತಿತ್ತಮ್ಮಾ ಇಲ್ಲಿ, ಅಂದಳು, ಅಂಗಳದಲ್ಲಿ ಮಗು ಅನ್ನುವುದು ಒಂದೂ ಇರಲಿಲ್ಲ, ಎಲ್ಲರಿಗೂ ಗೊತ್ತಾಯಿತು. ಅಂದಿನಿಂದ ಮಂಡಿನೋವು. ಮದುವೆ ಎಂದರೆ ಮಂಡಿನೋವು, ಸಾವು ಎಂದರೂ ಮಂಡಿನೋವು, ದಿನಕ್ಕೆ ಐದು ಸಲ ಸ್ನಾನ, ಆದರೂ ವಾಸನೆ, ಕೂತರೆ ವಾಸನೆ, ನಮಾಜಿಗೆ ಬಾಗಿದರೆ ವಾಸನೆ, ಕಹಿಕಿತ್ತಳೆಯ ಹೂವನ್ನು ಮೂಸಿದೊಡನೆ ಇದು ಯಾರ ತೋಟದ್ದು ಎಂದು ಹೇಳುತ್ತಿದ್ದ ಮೂಗು ನನ್ನದು, ಹೂವಿನ ನೀರು ಭಟ್ಟಿ ಇಳಿಸುವ ಕಾಲ ಬಂದರೆ ಇಡೀ ಕೇರಿ ನನ್ನನ್ನು ಕರೆಯುತ್ತಿತ್ತು, ಆ ಮೂಗಿಗೆ ಮೂರು ವರ್ಷ ಬೇರೆ ವಾಸನೆಯೇ ಗೊತ್ತಿಲ್ಲ.

ಈ ಗುಟ್ಟು ಹಿಡಿದವಳು ರಿಹೇಮ್, ತಾಯಿಯಿಲ್ಲದ ಹುಡುಗಿ, ತಂಗಿ ಸತ್ತ ಮೇಲೆ ಈ ತೊಡೆಯ ಮೇಲೇ ಬೆಳೆದವಳು, ಸೂಸ್ ಪಟ್ಟಣದಲ್ಲಿ ಎಂಜಿನಿಯರು, ರಜೆಗೆ ಬಂದವಳು ಸೊಂಟದ ಮೇಲೆ ಕೈಯಿಟ್ಟು ನಿಂತು, ಅಲ್ಲ ದೊಡ್ಡಮ್ಮ, ಮಂಡಿನೋವು ಅಂತೀಯ, ದಿನಾ ಮೂರು ಸಲ ಬಟ್ಟೆ ಹೊತ್ಕೊಂಡು ಮಾಳಿಗೆ ಹತ್ತುತ್ತೀಯ, ಏನ್ ಸಮಾಚಾರ, ಅಂದಳು, ಅಷ್ಟಕ್ಕೇ ಕಟ್ಟೆ ಒಡೆದುಹೋಯಿತು, ನಾಲ್ಕು ಹೆತ್ತವಳು ಮಗುವಿನ ಹಾಗೆ ಅತ್ತುಬಿಟ್ಟೆ, ಅವಳು ಕಣ್ಣು ಒರೆಸಿ, ಡಾಕ್ಟರ ಹತ್ತಿರ ನಾನೇ ಕರ್ಕೊಂಡು ಹೋಗ್ತೀನಿ, ಆದ್ರೆ ನಿನ್ನ ಕಾಯಿಲೆ ಉಚ್ಚೆ ಅಲ್ಲ ದೊಡ್ಡಮ್ಮ, ಭಯ, ಅದಕ್ಕೆ ಔಷಧ ನನ್ನ ಹತ್ರ ಇದೆ, ಅಂದು ಆರು ತಿಂಗಳಲ್ಲಿ ತಾನೇ ಮಾಡಿದ ಈ ಡಬ್ಬಿ ತಂದಳು, ಒದ್ದೆಯಿಂದ ಏಳುವ ಆವಿಯನ್ನು ಪಕ್ಕದವರ ಮೂಗಿಗಿಂತ ಮೊದಲೇ ಹಿಡಿದು ಅದುರುತ್ತದಂತೆ, ವಾಸನೆ ಬಂತು ಅನ್ನಿಸಿದಾಗಲೆಲ್ಲ ಗೋಡೆ ಮೇಲೆ ಒಂದು ಗೀಟು ಎಳಿ, ಒಂದು ತಿಂಗಳು, ಅಂದಳು, ನಲವತ್ತೊಂದು ಗೀಟು ಬಿದ್ದವು, ಡಬ್ಬಿ ಅದುರಿದ್ದು ಏಳೇ ಸಲ, ಹಾಗಾದರೆ ಮಿಕ್ಕಿದ್ದೆಲ್ಲ ಏನೇ, ಎಂದರೆ, ಮಿಕ್ಕಿದ್ದೆಲ್ಲ ನಿನ್ನ ನಾದಿನಿ, ಮೂಗಿನಲ್ಲಿ ಹತ್ತಿ ಕೂತಿದ್ದಾಳೆ, ಸೀನಿ ಬಿಸಾಕು ಅವಳನ್ನ. ಆಮೇಲೆ ದನಿ ತಗ್ಗಿಸಿ, ನನ್ನ ಮದುವೇಲಿ ಮೊದಲ ಮದರಂಗಿ ತಾಯಿ ಹಚ್ಬೇಕು, ನನಗೆ ತಾಯಿ ನೀನು, ನೀನು ಬರದಿದ್ರೆ ಕೈ ಚಾಚಲ್ಲ, ಬರಿಗೈಯಲ್ಲೇ ಗಂಡನ ಮನೆಗೆ ಹೋಗ್ತೀನಿ. ಹಟಮಾರಿ, ಮಾಡಿದರೂ ಮಾಡಿಯಾಳು. ಅದಕ್ಕೇ ಬಂದೆ.

ಅಯ್ಯೋ — ಅದುರಿತು. ದುಂಬಿ ಹೊಕ್ಕ ಹಾಗೆ ಹೊಟ್ಟೆಯ ಮೇಲೆ ಗುಂಯ್ ಎಂದಿತು, ಎದುರಿಗೆ ಝಕಿಯಾ, ಕೈಯಲ್ಲಿ ಬೆಳ್ಳಿಯ ಪನ್ನೀರುದಾನಿ, ಏನತ್ತಿಗೆ, ಮಂಡಿ ವಾಸಿಯಾಯ್ತಾ, ಅನ್ನುತ್ತ ನಗುತ್ತಿದ್ದಾಳೆ, ಡಬ್ಬಿ ನಿಲ್ಲುತ್ತಿಲ್ಲ, ಮುಗಿಯಿತು, ಈಗ ಎದ್ದರೆ ದಿಂಬು, ಏಳದಿದ್ದರೆ ವಾಸನೆ, ಅವಳು ಎರಡು ಬೆರಳಲ್ಲಿ ಎತ್ತುತ್ತಾಳೆ, ಯಾರ ಮಗು ಕೂತಿತ್ತಮ್ಮಾ — ಶಾಲನ್ನು ಹಿಂದಕ್ಕೆ ಇಳಿಬಿಟ್ಟುಕೊಂಡು ಎದ್ದಳು, ಬಚ್ಚಲಿಗೆ ಓಡಿದಳು, ಅಗುಳಿ ಹಾಕಿದಳು, ಮನೆಗೆ ಹೋಗಿಬಿಡುತ್ತೇನೆ, ಹಿತ್ತಲ ಬಾಗಿಲಿದೆ, ಲಂಗ ಎತ್ತಿದಳು, ನೋಡಿದಳು. ಒಣ. ಮತ್ತೆ ಮುಟ್ಟಿ ನೋಡಿದಳು. ಒಣಗೆ ಒಣ, ಇಸ್ತ್ರಿ ಹಾಕಿದ ಬಟ್ಟೆಯಂತೆ. ಡಬ್ಬಿ ಮಾತ್ರ ಗುಂಯ್ ಅನ್ನುತ್ತಲೇ ಇದೆ, ಒದ್ದೆಯಾಗಿರುವುದು ಭುಜ, ಎದೆ, ಮಡಿಲು — ಹೊಸ ಹೂವಿನ ನೀರು, ಈ ವರ್ಷದ್ದು, ಝಕಿಯಾ ಧಾರಾಳವಾಗಿ ಚಿಮುಕಿಸಿದ್ದು, ಅದರ ಘಾಟು ಇಳಿಯುತ್ತಿದ್ದಂತೆ ಡಬ್ಬಿಯೂ ತಣ್ಣಗಾಯಿತು, ಅಯ್ಯೋ ನಿನ್ನ, ಸೂಸ್‌ನ ಆಫೀಸಿನಲ್ಲಿ ಒಬ್ಬರ ಮೇಲೊಬ್ಬರು ಹೂವಿನ ನೀರು ಚಿಮುಕಿಸುವುದಿಲ್ಲವಲ್ಲ, ಆ ಹುಡುಗಿ ಇದಕ್ಕೆ ಎಲ್ಲ ಕಲಿಸಿ ಇದೊಂದನ್ನು ಕಲಿಸಿಲ್ಲ, ಮೊಂಜಿಯಾ ಒಬ್ಬಳೇ ನಗುತ್ತಾಳೆ, ಎಷ್ಟು ವರ್ಷವಾಯಿತು ನಕ್ಕು, ದೊಡ್ಡ ತೋಟದ್ದೇ, ಅಲ್ಲ, ಕೆರೆಯಾಚೆ ಹೊಲದ್ದೂ ಅಲ್ಲ, ಬಾವಿ ಪಕ್ಕದ ಹಳೆಯ ಮರದ ಹೂವು ಇದು, ಎರಡನೇ ಕೊಯ್ಲು, ಮೂಗು ಬಂತು, ನನ್ನ ಮೂಗು ನನಗೆ ವಾಪಸು ಬಂತು. ಹೊರಗೆ ಬಂದು ನೇರ ಮದುಮಗಳ ಕಿವಿಗೆ ಬಾಗಿ, ನಾಬುಲ್‌ನಲ್ಲಿ ಹುಟ್ಟಿ ಹೂವಿನ ನೀರು ಯಾವುದು ಉಚ್ಚೆ ಯಾವುದು ಅಂತ ಗೊತ್ತಾಗದ ಮೂಗು ಮಾಡಿದೀಯಲ್ಲೇ, ನಾಚಿಕೆ ಆಗಲ್ವಾ, ಅಂದಳು, ರಿಹೇಮ್ ಬಾಯಿಗೆ ಮುಸುಕಿನ ಅಂಚು ತುರುಕಿಕೊಂಡು ನಕ್ಕಳು, ತಪ್ಪಾಯ್ತು ದೊಡ್ಡಮ್ಮ, ಮದುವೆ ಮುಗೀಲಿ, ಕಲಿಸ್ತೀನಿ.

ಕೂತಳು, ಈ ಸಲ ಮೂಲೆಯಲ್ಲಲ್ಲ, ನಡುವೆ, ಬಾದಾಮಿ ಶರಬತ್ತು ಬಂತು, ಕುಡಿದಳು, ಮೂರು ವರ್ಷ ಯಾರ ಮನೆಯಲ್ಲೂ ಗುಟುಕು ನೀರು ಮುಟ್ಟಿರಲಿಲ್ಲ, ಹಾಡಿಗೆ ಚಪ್ಪಾಳೆ ತಟ್ಟಿದಳು, ನಕ್ಕಳು, ಆಗ ಗುಂಯ್ — ಪನ್ನೀರುದಾನಿ ಎಲ್ಲಿ, ದೂರ, ಬಾಗಿಲ ಹತ್ತಿರ, ಹಾಗಾದರೆ ಇದು ನಿಜದ್ದು, ಎದೆ ಒಂದು ಸಲ ಹೊಡೆದುಕೊಂಡು ಸುಮ್ಮನಾಯಿತು, ನಿಜವಾದರೆ ನಿಜ, ಒಳಗಿನ ಬಟ್ಟೆ ಹೀರಿಕೊಂಡಿರುತ್ತದೆ, ಬದಲಾಯಿಸಲು ಇನ್ನೂ ಹೊತ್ತಿದೆ, ಚೀಲ ತೆಗೆದುಕೊಂಡು ಆರಾಮಾಗಿ ನಡೆದಳು, ಬದಲಾಯಿಸಿದಳು, ಕೈ ತೊಳೆದಳು, ಕನ್ನಡಿ ನೋಡಿಕೊಂಡು ಕಾಡಿಗೆ ತಿದ್ದಿದಳು, ಬಂದು ಅದೇ ದಿಂಬಿನ ಮೇಲೆ ಕೂತಳು. ಎಲ್ಲಿಗ್ ಹೋಗಿದ್ರಿ ಅತ್ತಿಗೆ, ಘಳಿಗೆಗೊಂದು ಸಲ, ಎಂದು ಝಕಿಯಾ ಎಲ್ಲರಿಗೂ ಕೇಳುವ ಹಾಗೆ ಕೇಳಿದಳು, ಉಚ್ಚೆಗೆ ಹೋಗಿದ್ದೆ ಕಣೇ, ನಿಮ್ಮನೇಲಿ ಯಾರೂ ಹೋಗಲ್ವಾ, ಎಂದು ಮೊಂಜಿಯಾಳ ಬಾಯಿಂದ ಬಂದೇಬಿಟ್ಟಿತು, ಡೋಲು ಬಡಿಯುತ್ತಿದ್ದವಳು ಡೋಲು ಬಿಟ್ಟು ನಕ್ಕಳು.

ತಾಯಿ ಬರಲಿ, ಮೊದಲ ಮದರಂಗಿ, ಎಂದು ಯಾರೋ ಕೂಗುತ್ತಾರೆ, ತಾಯಿ ಅಂದರೆ ನಾನು, ಹೆಂಗಸರು ನಾಲಗೆ ಹೊರಳಿಸಿ ಕೇಕೆ ಹಾಕುತ್ತಾರೆ, ರಿಹೇಮ್ ಅಂಗೈ ಚಾಚಿದ್ದಾಳೆ, ಏಳಬೇಕು, ಎದ್ದಳು, ಎದ್ದೊಡನೆ ಝಕಿಯಾಳ ಕಣ್ಣು ಎಲ್ಲಿಗೆ ಹೋಯಿತು ಎಂದು ತಿರುಗಿ ನೋಡದೆಯೇ ಗೊತ್ತು, ಅವಳೊಬ್ಬಳದಲ್ಲ, ನಾಲ್ಕೈದು ಜೊತೆ ಕಣ್ಣು, ಕೆಳಕ್ಕೆ, ದಿಂಬಿಗೆ, ಮೂರು ವರ್ಷದಿಂದ ಎದ್ದ ಜಾಗವನ್ನು ತಿರುಗಿ ನೋಡುವ ಧೈರ್ಯವಿರಲಿಲ್ಲ, ಡಬ್ಬಿ ಸುಮ್ಮನಿದೆ, ಮೊಂಜಿಯಾ ತಿರುಗಿದಳು, ಬಾಗಿದಳು, ದಿಂಬನ್ನು ಎರಡೂ ಕೈಯಲ್ಲಿ ಎತ್ತಿ ನಾದಿನಿಯ ಮುಖದ ಮುಂದೆ ಹಿಡಿದಳು, ಸರಿಯಾಗಿ ನೋಡ್ಕೋ ಝಕಿಯಾ, ಯಾರ ಮಗೂನೂ ಕೂತಿಲ್ಲ ಇಲ್ಲಿ, ಕೇಕೆ ಮತ್ತೆ ಎದ್ದಿದೆ, ರಿಹೇಮಳ ಕಣ್ಣಲ್ಲಿ ನೀರು, ಹೋಗಬೇಕು, ಮದರಂಗಿ ಹಚ್ಚಬೇಕು, ಕಣ್ಣು ಕದಲುತ್ತಿಲ್ಲ, ದಿಂಬು, ಹಳದಿ, ಅಂಚಿನಿಂದ ಅಂಚಿಗೆ ಹಳದಿ, ನಡುವೆ ಏನೂ ಇಲ್ಲ, ಒಣ, ಬರೀ ಹಳದಿ.