ಐದು ತೋಟಾ, ಒಂದು ಸುಣ್ಣದ ಬೊಟ್ಟು

ಖಾನಾಪುರದ ರೈತ ಬಾಳಾಸಾಹೇಬ ಬೆಳಗಾವಿಯ ಕ್ಯಾಂಪಿನ ಹರಾಜಿನಲ್ಲಿ ಅಗ್ಗಕ್ಕೆ ಹಿಡಿದಿದ್ದ ಕಾರ್ಬೈನು, ಗಿಡ್ಡ ನಳಿಗೆಯ ಬಂದೂಕು, ಅದು. ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಮೊನೆ, ಜನ ಮಖ್ಖಿ ಅನ್ನುವುದು, ಮುದುಕರ ಹಲ್ಲಿನ ಹಾಗೆ ಅಲುಗಾಡುತ್ತಿತ್ತು. ಶಹಾಪುರದ ಮಿಸ್ತ್ರಿ ನಾಗಲಿಂಗ ಅದರ ಬುಡಕ್ಕೆ ತೆಳ್ಳನೆಯ ಹಿತ್ತಾಳೆ ತಗಡು ಕೊಟ್ಟು, ಬಡಿದು ಬಿಗಿ ಮಾಡಿದ. ಅದಕ್ಕೆ ಬೆರಳು ಸಾಕಿತ್ತು. ಗುರಿ ಕೂಡಿಸಲು ಮಾತ್ರ ಕಣ್ಣೇ ಬೇಕು.

ಅವನ ಎಡಗಣ್ಣು ಚಿಕ್ಕಂದಿನಲ್ಲೇ ಕುಲುಮೆಯ ಕಿಡಿಗೆ ಹೋಗಿತ್ತು. ಈ ದೀಪಾವಳಿಯಿಂದ ಬಲಗಣ್ಣಿಗೂ ಹೊಗೆ ಕವಿದಂತಾಗಿತ್ತು. ಹೆಂಡತಿ ನಿಂಗವ್ವನಿಗೂ ಅವನು ಹೇಳಿರಲಿಲ್ಲ. ಬಂದೂಕಿನ ಮಿಸ್ತ್ರಿಗೆ ಕಣ್ಣಿಲ್ಲವಂತೆ ಎಂದು ಒಮ್ಮೆ ಹಬ್ಬಿದರೆ ಅಂಗಡಿಯ ಮೆಟ್ಟಿಲು ಯಾರು ಹತ್ತುತ್ತಾರೆ?

೧೯೨೬ರ ಮಾಘದಲ್ಲಿ ಅವನು ಗುರಿ ಕೂಡಿಸಲು ಬಂದೂಕು ಹೊತ್ತು ರೈಲು ಹತ್ತಿ ಖಾನಾಪುರಕ್ಕೆ ಹೋದ. ಪೇಟೆಯೊಳಗೆ ಗುಂಡು ಹಾರಿಸುವ ಹಾಗಿರಲಿಲ್ಲ.

"ಬರ್ರಿ ಮಿಸ್ತ್ರಿ, ಕುಂದರ್ರಿ," ಎಂದ ಬಾಳಾಸಾಹೇಬ. "ಚಿರತಿ ಎರಡು ಕರ ತಿಂತು. ಮೊನ್ನಿ ಕಟಗಿ ತರಾಕ ಹೋದ ನಮ್ಮವ್ವನ ಮ್ಯಾಲೇ ಹಾರಿತ್ತು."

ಒಳಗಿನಿಂದ ತಾಯಿ ಅಕ್ಕವ್ವ ಕೂಗಿದಳು: "ಆ ಬಂದೂಕ ಬಂದಾಗಿಂದ ಒಂದ ಹಂದೀನೂ ಹೆದರಿಲ್ಲ. ನಾವಷ್ಟ ಹೆದರೇವಿ ನೋಡ್ರಿ!"

ಪರವಾನಗಿಯ ಮೇಲೆ ಉಳಿದಿದ್ದು ಐದೇ ತೋಟಾ. ಹಿತ್ತಲಿನ ಮಣ್ಣುದಿಬ್ಬಕ್ಕೆ ಸುಣ್ಣದ ಬೊಟ್ಟು ಇಟ್ಟರು. ನಾಗಲಿಂಗ ಮೂಟೆಯ ಮೇಲೆ ನಳಿಗೆ ಒರಗಿಸಿ ಹಾರಿಸಿದ. ಗುಂಡು ಎಡಕ್ಕೆ ಬಿತ್ತು. ಮಖ್ಖಿಯನ್ನು ತುಸು ಎಡಕ್ಕೆ ಬಡಿದ. ಹಾಗೆ ಬಡಿದರೆ ಗುಂಡು ಬಲಕ್ಕೆ ಸರಿಯುತ್ತದೆ. ಎರಡನೆಯದೂ ಎಡಕ್ಕೆ. ಮತ್ತೆ ಬಡಿದ. ಮೂರನೆಯದಕ್ಕೂ ಅದೇ ಗತಿ, ಇನ್ನೊಂದು ಪೆಟ್ಟು. ಅವನ ಕಣ್ಣಿಗೆ ಬೊಟ್ಟು ಒಂದಿದ್ದದ್ದು ಎರಡಾಗಿ ಈಜಾಡುತ್ತಿತ್ತು. ನಾಲ್ಕನೆಯದು ಬೊಟ್ಟಿನ ನಡುವೆ ಹೊಕ್ಕಿತು.

"ಭಲೇ ಮಿಸ್ತ್ರಿ! ಉಳಿದದ್ದು ನಾ ಹಾರಸ್ತೇನಿ," ಎಂದು ಬಾಳಾಸಾಹೇಬ ಉಸಿರು ಹಿಡಿದು ಕುಳಿತ. ಊರಲ್ಲಿ ಅವನಷ್ಟು ಗಟ್ಟಿ ಕೈಯವರಿರಲಿಲ್ಲ. ಗುಂಡು ಬೊಟ್ಟಿನಿಂದ ಒಂದು ಗೇಣು ಬಲಕ್ಕೆ ಬಿತ್ತು.

"ಹಿಂಗ್ಯಾಕಾತು? ನನ್ನ ಕೈ ನಡುಗಿಲ್ರಿ, ಖರೇ ಹೇಳ್ತೇನಿ."

ನಾಗಲಿಂಗನಿಗೆ ತಿಳಿಯಿತು. ತಾನು ಬಂದೂಕನ್ನು ತನ್ನ ಕೆಟ್ಟ ಕಣ್ಣಿಗೆ ಹೊಂದಿಸಿಟ್ಟಿದ್ದ. ಮಖ್ಖಿಯನ್ನು ಮೂರು ಪೆಟ್ಟು ಮರಳಿ ಬಲಕ್ಕೆ ಬಡಿದರೆ ಸಾಕು, ಬಂದೂಕು ನೆಟ್ಟಗೆ. ಅಷ್ಟು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ: ಮತ್ತ ನಿಮ್ಮ ಕಣ್ಣಿಗೆ ಯಾಕ ಹಂಗ ಕಂಡ್ತು?

"ನಳಗಿ ಸವದೈತ್ರಿ, ಸಾಹೇಬ್ರ," ಎಂದ. "ಒಮ್ಮೆ ಹಿಂಗ, ಒಮ್ಮೆ ಹಂಗ. ನನ್ನ ಕಡೀ ಗುಂಡು ನಶೀಬಲೆ ಹತ್ತಿತು. ಇದನ್ನ ನಂಬಿ ಚಿರತಿ ಮುಂದ ನಿಲ್ಲಬ್ಯಾಡ್ರಿ."

ಬಾಳಾಸಾಹೇಬ ಬಂದೂಕನ್ನು ಮೂಟೆಗೆ ಒರಗಿಸಿಟ್ಟ.

"ಇದ್ದದ್ದು ಇದ್ದಂಗ ಹೇಳಿದ್ರಿ. ಬ್ಯಾರೆ ಮಿಸ್ತ್ರಿ ಆಗಿದ್ರ ಸುಮ್ಮನ ಕಟ್ಟಿ ಕಳಸ್ತಿದ್ದ. ಸೋಮವಾರ ಇದನ್ನ ಮಾಮಲೇದಾರ ಕಚೇರಿಗೆ ಒಪ್ಪಿಸಿಬಿಡ್ತೇನಿ."

"ಮತ್ತ ಚಿರತಿ ಬಂದ್ರ?"

"ಕೊಡ್ಲಿ ಐತಲ್ರಿ."

ಅಕ್ಕವ್ವ ಹೊರಗೆ ಬಂದು ನಾಗಲಿಂಗನ ಚೀಲಕ್ಕೆ ನಾಲ್ಕು ರೊಟ್ಟಿ ಹಾಕಿದಳು. ಅವಳ ಹೆಗಲ ಮೇಲಿನ ಚಿರತೆಯ ಉಗುರಿನ ಗೀರುಗಳು ಅಷ್ಟು ಹತ್ತಿರಕ್ಕೆ ಬಂದಾಗ ಮಾತ್ರ ಅವನಿಗೆ ಕಂಡವು. ನಿಜ ಹೇಳಿಬಿಡಲು ಬಾಯಿ ತೆರೆದ. "ಬರ್ತೇನ್ರಿ ಅವ್ವಾ," ಎಂಬುದಷ್ಟೇ ಹೊರಟಿತು.

ಮನೆಯ ದಾರಿಯಲ್ಲಿ ರೈಲು ದೇಸೂರ ದಾಟಿದಾಗಲೂ ಆ ನಾಲ್ಕು ರೊಟ್ಟಿ ಮುಟ್ಟದೆ ಚೀಲದಲ್ಲೇ ಇದ್ದವು.