ಚಳಿಗೆ ಒಪ್ಪಿಸಿದ ಚಿಟ್ಟೆ

ಮೇ ಮಾಸ ಮುಗಿಯುತ್ತಿತ್ತು... ಮೆಲ್ಬರ್ನಿನ ಪಶ್ಚಿಮಕ್ಕೆ, ಪಾಯಿಂಟ್ ಕುಕ್‌ನ ಕಡಲಂಚಿನಲ್ಲಿ, ಶರತ್ಕಾಲವು ಹೇಮಂತಕ್ಕೆ ತನ್ನ ಮನೆಯನ್ನು ಒಪ್ಪಿಸಿ ಹೊರಡುವ ಸಮಯ. ಉತ್ತರ ದಿಗಂತಕ್ಕೆ ವಾಲಿ ನಡೆಯುವ ಸೂರ್ಯನು, ಗರ್ಭಗುಡಿಯಿಂದ ಹೊರಬಂದ ಮಂಗಳಾರತಿಯಂತೆ, ಒಂದೊಂದು ಮನೆಯ ಹಿತ್ತಲಿಗೂ ಕ್ಷಣಕಾಲ ಬೆಳಕು ತೋರಿಸಿ ಮುಂದೆ ಸಾಗುತ್ತಿದ್ದನು. ಆ ಕ್ಷಣಿಕ ಕಾರುಣ್ಯಕ್ಕಾಗಿಯೇ ಕಾದಿದ್ದ ಚಿಟ್ಟೆಗಳು ಬೆಚ್ಚಗಿನ ಇಟ್ಟಿಗೆ ಗೋಡೆಯ ಮೇಲೆ, ತೀರ್ಥಕ್ಕೆ ಅಂಗೈಯೊಡ್ಡಿದ ಭಕ್ತರಂತೆ, ರೆಕ್ಕೆ ಹರಡಿ ಕುಳಿತಿರುತ್ತಿದ್ದವು. ಇನ್ನು ಕೆಲವೇ ದಿನ! ಬಳಿಕ ಅವು ಮರದ ತೊಗಟೆಯ ಬಿರುಕಿಗೋ ಗೋಡೆಯ ಸಂದಿಗೋ ಸರಿದು, ರೆಕ್ಕೆ ಮಡಚಿ, ಚಳಿಗಾಲವಿಡೀ ನಿದ್ರಿಸುವುವು. ಸಹೃದಯರೇ, ಮರಣವಲ್ಲದ ಆ ನಿಶ್ಚಲತೆಯನ್ನು ಕಂಡವರಿಗೆ ಮರಣದ ನಿಶ್ಚಲತೆಯೂ ನೆನಪಾಗದಿರದು...

ಆ ಭಾನುವಾರ ನಿವೇದಿತಾಳ ಹಿತ್ತಲಲ್ಲಿ ಎಡೆ ಇಟ್ಟಿದ್ದರು. ಅವಳ ಗಂಡ ಮನೋಜ್ ತೀರಿಕೊಂಡು ಎರಡು ವರ್ಷ. ಅವಳೊಂದಿಗೇ ಇರುವ ಅವನ ತಾಯಿ ಪುಟ್ಟಮ್ಮ, ಬಾಳೆಲೆಯ ಮೇಲೆ ಮಗನಿಗೆ ಪ್ರಿಯವಾದ ಕಜ್ಜಾಯವನ್ನೂ ಕಳಿತ ಬಾಳೆಹಣ್ಣನ್ನೂ ಬಡಿಸಿ, ಕಾಗೆ ಬಂದು ಮುಟ್ಟಲೆಂದು ಕಾದಿದ್ದರು. ಆಕಾಶ ಖಾಲಿಯಾಗಿತ್ತು.

“ಈ ದೇಶದಲ್ಲಿ ಕಾಗೆಗೂ ವೀಕೆಂಡ್ ರಜಾ ಏನೋ,” ಎಂದರು. ಇಬ್ಬರಿಗೂ ನಗು ಬರಲಿಲ್ಲ. “ಇವನಿಗೇನೋ ಆಸೆ ಉಳಿದದೆ ಕಣವ್ವ. ಮಾತು ಕೊಟ್ರೆ ಮುಟ್ತಾನೆ.”

ಕಾಗೆ ಮುಟ್ಟದಿದ್ದರೆ, ಹೋದವರ ಮನಸ್ಸಿನಲ್ಲಿ ಉಳಿದದ್ದೇನೆಂದು ಊಹಿಸಿ, ಅದನ್ನು ನಡೆಸಿಕೊಡುತ್ತೇವೆಂದು ಗಟ್ಟಿಯಾಗಿ ಮಾತು ಕೊಡುವುದು ಅವರ ಊರಿನ ಪದ್ಧತಿ. ಪುಟ್ಟಮ್ಮ ಕೈಮುಗಿದು ಗಾಳಿಗೆ ನುಡಿದರು: “ನಿನ್ನ ಹೆಂಡ್ತಿ ಎಲ್ಲೂ ಹೋಗಕ್ಕಿಲ್ಲ ಕಣಪ್ಪ. ನಿನ್ನೋಳಾಗೇ ಈ ಮನೇಲಿರ್ತಾಳೆ. ಮುಟ್ಟು.”

ಮರುಗಳಿಗೆಯಲ್ಲೇ ಗೋಡೆಯಿಂದೆದ್ದ ಚಿಟ್ಟೆಯೊಂದು, ಕಂದುಗಪ್ಪು ರೆಕ್ಕೆ, ಅಂಚಿನಲ್ಲಿ ಅರಿಶಿನದ ಹನಿ, ತೇಲಿಬಂದು ಬಾಳೆಹಣ್ಣಿನ ಮೇಲೆ ಇಳಿಯಿತು!

“ಬಂದ,” ಎಂದು ಪುಟ್ಟಮ್ಮ ಅತ್ತುಬಿಟ್ಟರು.

ನಿವೇದಿತಾ ಎಲೆಯ ಬಳಿಯಿಂದ ಹಿಂದೆ ಸರಿದಳು. ನಾರ್ತ್ ಸಿಡ್ನಿಯ ಕಚೇರಿಯ ಚಕ್ರಪಾಣಿ, ಅವಳ ಸಹೋದ್ಯೋಗಿ, ಮಿತಭಾಷಿ, ಆಕೆ ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದಾಗ, ಕೊಲ್ಲಿಯ ನೀರು ಸಂಜೆಗೆಂಪನ್ನು ಕುಡಿಯುತ್ತಿದ್ದ ಹೊತ್ತಿನಲ್ಲಿ, “ನನ್ನನ್ನು ಮದುವೆಯಾಗುವಿರಾ?” ಎಂದು ಕೇಳಿದ್ದನು. “ಅವಸರವಿಲ್ಲ. ಮೆಲ್ಬರ್ನಿಗೆ ಬಂದಾಗ ಉತ್ತರ ಕೇಳುತ್ತೇನೆ.” ಬರುವ ಶನಿವಾರ ಅವನು ಬರಲಿದ್ದನು. ‘ಆಗಲಿ’ ಎಂಬ ಒಂದು ಮಾತನ್ನು ಅವಳು ಅತ್ತೆಗೂ ತಿಳಿಸದೆ ಎಷ್ಟೋ ದಿನದಿಂದ ನಾಲಿಗೆಯಡಿ ಕಾಪಾಡಿಕೊಂಡಿದ್ದಳು. ಈಗ ಅವಳ ಪರವಾಗಿ ಬೇರೊಂದು ಮಾತು ಸಂದುಹೋಗಿತ್ತು. ಹೋದವನು ಅದನ್ನು ಸ್ವೀಕರಿಸಿಯೂ ಇದ್ದನು...

ಹೊರಗೆ ಚಳಿಗೆ ಸಾಯುತ್ತಾನೆಂದು ಪುಟ್ಟಮ್ಮ ಚಿಟ್ಟೆಯನ್ನು ಎಲೆಯ ಸಮೇತ ದೇವರ ಮನೆಗೆ ತಂದರು. ಹೀಟರ್ ಏರಿಸಿದರು, ದೀಪ ಹಚ್ಚಿದರು, ಜೇನುತುಪ್ಪವಿಟ್ಟರು. ಅಂದಿನಿಂದ ಮನೆಯಲ್ಲಿ ಮೂವರಾದರು! ನಿವೇದಿತಾ ಲ್ಯಾಪ್‌ಟಾಪ್ ತೆರೆದರೆ ಬೆನ್ನ ಹಿಂದೆ ಮೃದುವಾದೊಂದು ಬಡಿತ. ಫೋನಿನಲ್ಲಿ ಚಕ್ರಪಾಣಿಯ ಹೆಸರು ಮಿಂಚಿದರೆ ಕಿಟಕಿಯ ಗಾಜಿನ ಮೇಲೆ ಯಾರೋ ಬೆರಳ ತುದಿಯಿಂದ ಕರೆದಂತೆ ಟಪ್ ಟಪ್ ಸದ್ದು. ಅವಳು ಫೋನೆತ್ತದೆ ಕುಳಿತಿರುತ್ತಿದ್ದಳು. ದಿನದಿನಕ್ಕೆ ಆ ರೆಕ್ಕೆಗಳ ಅಂಚು ಸವೆಯಿತು, ಅರಿಶಿನ ಮಾಸಿತು, ದೀಪದ ಬಳಿ ಕಂದು ಧೂಳು ಉದುರಿತು. ತನಗೆ ಶಾಪವಿಡಲು ಬಂದವನೂ ಹೀಗೆ ಕೃಶನಾಗುವನೇ...?

ಶನಿವಾರ ಬೆಳಗ್ಗೆ ಅತ್ತೆ ಸೊಸೆ ಹೀಟರ್ ಆರಿಸಿ ದೇವಸ್ಥಾನಕ್ಕೆ ಹೋಗಿ ಬಂದರು. ಮನೆ ತಣ್ಣಗಿತ್ತು. ಪರದೆಯ ಮಡಿಕೆಯಲ್ಲಿ ಚಿಟ್ಟೆ ರೆಕ್ಕೆ ಜೋಡಿಸಿ, ನಮಸ್ಕರಿಸಿದ ಕೈಗಳಂತೆ, ನಿಶ್ಚಲವಾಗಿತ್ತು. ವಾರವಿಡೀ ಕಾಣದ ಶಾಂತಿ! ಪುಟ್ಟಮ್ಮ ಗಾಬರಿಯಿಂದ ಹೀಟರ್ ಹಾಕಿದರು. ಬಿಸಿಯುಸಿರು ತಾಗಿದೊಡನೆ ಅದು ನಡುಗಿ ಎಚ್ಚೆತ್ತು ಮತ್ತೆ ಗಾಜಿಗೆ ಹೊಡೆದುಕೊಳ್ಳತೊಡಗಿತು. ನಿವೇದಿತಾ ಎದ್ದು ಹೀಟರ್ ಆರಿಸಿದಳು.

“ಅತ್ತೆ, ಅದು ಸಾಯ್ತಾ ಇರಲಿಲ್ಲ. ಮಲಗಿತ್ತು. ನಾವು ಮಲಗೋಕೆ ಬಿಡ್ತಾ ಇಲ್ಲ.”

“ಅದು ಅಂತೀಯಲ್ಲ. ಅವನು.”

“ಅವರೇ ಅಂತಿಟ್ಕೊಳ್ಳಿ. ಆಸ್ಪತ್ರೆಯಲ್ಲೂ ಹೀಗೇ... ನಿದ್ದೆ ಎಳೀತಿದ್ದಾಗ ಕಣ್ಣು ಬಿಡು, ಕಣ್ಣು ಬಿಡು ಅಂತ ಇಬ್ರೂ ಎಬ್ಬಿಸ್ತಾನೇ ಇದ್ವಿ.”

ಮನೆ ಮತ್ತೆ ತಣ್ಣಗಾದಾಗ ಪುಟ್ಟಮ್ಮ, ಸದ್ದಡಗಿ ಮತ್ತೆ ರೆಕ್ಕೆ ಮಡಚಿದ ಆ ಜೀವವನ್ನು ಅಂಗೈಯ ಗೂಡಿನಲ್ಲಿ ಎತ್ತಿಕೊಂಡು, ಹಿತ್ತಲಿನ ಶೆಡ್‌ಗೆ ಒಯ್ದು, ಮರದ ತೊಲೆಯ ಕತ್ತಲ ಸಂದಿಯಲ್ಲಿ ಇಳಿಸಿದರು. “ಮಲಕ್ಕಪ್ಪ,” ಎಂದರು, ತೊಟ್ಟಿಲ ಮಗುವಿಗೆ ಹೇಳುವ ದನಿಯಲ್ಲಿ.

ಒಳಗೆ ಬರುವಾಗ ಬಾಗಿಲ ಗಂಟೆ ಮೊಳಗಿತು. ನಿವೇದಿತಾ ತೆರೆದಳು. ಹೊಸ್ತಿಲಾಚೆ ಚಕ್ರಪಾಣಿ.

“ಯಾರವ್ವ?”

ನಿವೇದಿತಾ ಹೇಳಿದಳು: “ನನ್ನನ್ನ ಮದುವೆ ಆಗ್ತೀರಾ ಅಂತ ಕೇಳಿದೋರು, ಅತ್ತೆ.”

ಪುಟ್ಟಮ್ಮ ಬಂದವನನ್ನು ಮೇಲಿಂದ ಕೆಳಗೆ ನೋಡಿದರು. “ನೀನೇನಂದೆ?”

“ಹೂಂ ಅನ್ನಬೇಕಂತಿದ್ದೆ. ನೀವು ಅವರಿಗೆ ಮಾತು ಕೊಟ್ಬಿಟ್ರಿ.”

ಚಕ್ರಪಾಣಿ ಚಪ್ಪಲಿ ಕಳಚಿ, ತಲೆ ತಗ್ಗಿಸಿ ನುಡಿದನು: “ಅಮ್ಮ, ನಿಮ್ಮನ್ನು ಬಿಟ್ಟು ಬನ್ನಿ ಎಂದು ನಾನು ಇವರನ್ನು ಕೇಳಿಲ್ಲ. ನಾನೇ ಇಲ್ಲಿಗೆ ಬಂದಿರಬಲ್ಲೆ.”

“ಮಾತು ಕೊಟ್ಟೋಳು ನಾನು,” ಎಂದರು ಪುಟ್ಟಮ್ಮ, ಸೆರಗಿನಿಂದ ಕಣ್ಣೊರೆಸಿ. “ತಪ್ಪಿದ್ರೆ ಅವನ ಹತ್ರ ಬೈಸ್ಕೊಳ್ಳೋಳೂ ನಾನೇ. ಹೆತ್ತೋಳನ್ನ ಎಷ್ಟು ಬೈದಾನು? ಅವರನ್ನ ಬಾಗಿಲಲ್ಲೇ ನಿಲ್ಸಿದ್ದೀಯಲ್ಲ ಮಾರಾಯ್ತಿ. ಊಟ ಆಯ್ತಾ ಕೇಳು.”

ಕೇಳಬೇಕಾದುದನ್ನು ಕೇಳುವ ಮೊದಲು ನಿವೇದಿತಾ ಅವನಿಗೆ ಹೇಳಬೇಕಾದುದನ್ನು ಹೇಳಿದಳು. ಒಂದೇ ಒಂದು ಮಾತು. ಅದು ಅವನಿಗಷ್ಟೇ ಕೇಳಿಸಿತು. ಬಳಿಕ ಒಳಗೆ ಹೋಗಿ ಮನೋಜ್‌ನ ಚಿತ್ರದ ಮುಂದೆ ಕೈಮುಗಿದು ನಿಂತಳು. ಭಯವಿರಲಿಲ್ಲ, ಉತ್ತರವೂ ಬರಲಿಲ್ಲ. ಇನ್ನು ಮುಂದೆ ಆ ಮೌನವೂ ಈ ಸಂಸಾರದಲ್ಲಿ ಒಬ್ಬರಂತೆ ಬಾಳುವುದೆಂದು ಅವಳಿಗೆ ತಿಳಿದಿತ್ತು.

ಪ್ರೀತಿಯು ಹೋದವರನ್ನು ಮರೆಯುವುದೂ ಇಲ್ಲ, ಮರೆಯಬೇಕಾಗಿಯೂ ಇಲ್ಲ. ಕೂಗಿ ಕರೆಯುವುದನ್ನು ನಿಲ್ಲಿಸಲು ಕಲಿತ ದಿನ, ಮನುಷ್ಯನ ದುಃಖವು ಮೊದಲ ಬಾರಿಗೆ ಪ್ರಾರ್ಥನೆಯಾಗುತ್ತದೆ... ಆ ಪ್ರಾರ್ಥನೆಯಲ್ಲಿ ಹೋದವರಿಗೂ ಜಾಗವುಂಟು, ಬಂದವರಿಗೂ ಉಂಟು.