ದೇವೀರಪ್ಪನವರ ಎರಡು ಸೀಟಿನ ಕಾರು

ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದ ದೇವೀರಪ್ಪನವರು ಆ ಕಾರನ್ನು ತಂದದ್ದು ಎಪ್ಪತ್ಮೂರನೇ ಇಸವಿಯಲ್ಲಿ. ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಬಿಳಿ ದೊರೆಯೊಬ್ಬ ತೋಟ ಮಾರಿ ತನ್ನ ದೇಶಕ್ಕೆ ಹೊರಟಿದ್ದ. ತೋಟಕ್ಕೆ ಗಿರಾಕಿಗಳು ಬಂದರು, ಕಾರಿಗೆ ಯಾರೂ ಬರಲಿಲ್ಲ. ಬೇರೇನೋ ಕೆಲಸಕ್ಕೆ ಹೋಗಿದ್ದ ದೇವೀರಪ್ಪನವರು ಅದನ್ನು ನೋಡಿದರು. ಹಸಿರು ಬಣ್ಣ, ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಚಾವಣಿ, ಸೈಕಲ್ಲಿನ ಹಾಗೆ ಕಡ್ಡಿಗಳಿದ್ದ ಚಕ್ರ. ಐವತ್ತರ ದಶಕದ ರೇಸಿನ ಕಾರು ಎಂದ ದೊರೆ. ಅವತ್ತು ಸಂಜೆ ಅವರು ಅದನ್ನು ಕೊಂಡು ಊರಿಗೆ ಹೊರಟದ್ದು ಅದರಲ್ಲೇ. ಅಂದರೆ ಸಖರಾಯಪಟ್ಟಣದವರೆಗೆ ಅದರಲ್ಲಿ. ಅಲ್ಲಿಂದಾಚೆ ಅದನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಡೂರಿಗೆ ಎಳೆದು ತಂದರು.

ಹಾಗೆ ಎಳೆದು ತಂದು ನಿಲ್ಲಿಸಿದ್ದು ತಿಮ್ಮರಾಯಪ್ಪನ ಶೆಡ್ಡಿನ ಮುಂದೆ. ಕಡೂರಿನ ಹೆದ್ದಾರಿಯ ಪಕ್ಕ ತಗಡು ಹೊದಿಸಿದ ಶೆಡ್ಡು ಅದು. ಲಾರಿ, ಜೀಪು, ಪಂಪ್‌ಸೆಟ್ಟು ಏನು ಬಂದರೂ ಬಿಚ್ಚುತ್ತಿದ್ದ ತಿಮ್ಮರಾಯಪ್ಪ ಇಂಥ ಎಂಜಿನ್ ಮಾತ್ರ ಕಂಡಿರಲಿಲ್ಲ. ಒಂದರ ಬದಲು ಎರಡು ಕಾರ್ಬೊರೇಟರು. ಒಂದನ್ನು ಸರಿಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ನಾಲ್ಕು ದಿನ ಅದರ ಜೊತೆ ಹೆಣಗಿ, ಐದನೇ ದಿನ ಕೈ ಒರೆಸಿಕೊಂಡು ಹೇಳಿದ: "ಇನ್ನೇನೂ ತೊಂದ್ರೆ ಇಲ್ಲ ಯಜಮಾನ್ರೆ, ಧೈರ್ಯವಾಗಿ ಹೋಗಿ."

ಆ ಮಾತನ್ನು ಅವನು ಮುಂದಿನ ಹನ್ನೊಂದು ವರ್ಷ ಹೇಳಿದ.

ಮಳೆ ಬಂದರೆ ಕಾರು ಸ್ಟಾರ್ಟಾಗುತ್ತಿರಲಿಲ್ಲ, ಬಿಸಿಲಾದರೆ ಕುದಿಯುತ್ತಿತ್ತು. ಕೆಟ್ಟು ನಿಂತಾಗೆಲ್ಲ ದೇವೀರಪ್ಪನವರು ಆ ದಾರಿಯಲ್ಲಿ ಬಂದ ಬಸ್ಸಿನ ಕಂಡಕ್ಟರಿಗೆ ಹೇಳಿ ಕಳಿಸುತ್ತಿದ್ದರು. "ತರೀಕೆರೆ ಈಚೆ ನಿಂತೈತಂತೆ ಕಣೋ ನಿನ್ ಕಾರು," ಎಂದು ಕಂಡಕ್ಟರ್ ಶೆಡ್ಡಿನ ಮುಂದೆ ಕೂಗಿ ಹೋಗುತ್ತಿದ್ದ. ತಿಮ್ಮರಾಯಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು, ಸ್ಪ್ಯಾನರುಗಳ ಚೀಲ ಹೆಗಲಿಗೆ ಹಾಕಿಕೊಂಡು, ಎದುರಿಗೆ ಬಂದ ಲಾರಿ ಹತ್ತುತ್ತಿದ್ದ. ಬರಬರುತ್ತಾ ಎಲ್ಲರೂ ಅದನ್ನು ಅವನ ಕಾರು ಎಂದೇ ಕರೆದರು. ಅವನಿಗದು ಹಿಡಿಸುತ್ತಿರಲಿಲ್ಲ.

ದೇವೀರಪ್ಪನವರ ಹೆಂಡತಿ ಪ್ರೇಮಮ್ಮನವರು ಕಾರು ಹತ್ತುವ ಮುಂಚೆ ಎರಡು ಕ್ಯಾನು ನೀರು, ಒಂದು ಗಂಟು ರೊಟ್ಟಿ ಇಟ್ಟುಕೊಳ್ಳುತ್ತಿದ್ದರು. ಸೀಟಿನ ಹಿಂದೆ, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪುಟ್ಟ ಪಂಪು ಇತ್ತು. ಅದರ ಟಿಕ್ ಟಿಕ್ ಸದ್ದು ನಿಂತರೆ ಕಾರೂ ನಿಲ್ಲುತ್ತಿತ್ತು. ಪ್ರೇಮಮ್ಮನವರು ತಿರುಗಿಯೂ ನೋಡದೆ ಕೈ ಹಿಂದೆ ಚಾಚಿ ಚಪ್ಪಲಿಯಿಂದ ಅದಕ್ಕೆ ಎರಡು ಏಟು ಕೊಡುತ್ತಿದ್ದರು. ಒಮ್ಮೊಮ್ಮೆ ಮತ್ತೆ ಟಿಕ್ ಟಿಕ್ ಎನ್ನುತ್ತಿತ್ತು.

"ಬಸ್ಸಲ್ಲಿ ಹೋಗೋಣ ಕಣ್ರೀ," ಎನ್ನುತ್ತಿದ್ದರು ಮೊದಮೊದಲು. ಆಮೇಲೆ ಅದನ್ನೂ ಬಿಟ್ಟರು.

ಎಂಬತ್ನಾಲ್ಕರ ಆಷಾಢದಲ್ಲಿ ಕಾರು ಎಂದಿನಂತೆ ಶೆಡ್ಡಿಗೆ ಬಂದಿತ್ತು. ಒಂದು ವಾರ ದುಡಿದು ತಿಮ್ಮರಾಯಪ್ಪ ಅದನ್ನು ಸಿದ್ಧ ಮಾಡಿದ್ದ. ಬುಧವಾರ ಬೆಳಿಗ್ಗೆ ಬೀರೂರಿನವರೆಗೆ ಓಡಿಸಿಕೊಂಡು ಬಂದ. ಎಲ್ಲೂ ಕೆಮ್ಮಲಿಲ್ಲ. ದೇವೀರಪ್ಪನವರಿಗೆ ಬಂದು ಒಯ್ಯಲು ಹೇಳಿಕಳಿಸಿ, ಊಟಕ್ಕೆಂದು ಮನೆಗೆ ಹೋದ.

ಮನೆಯಲ್ಲಿ ಅವನ ಹೆಂಡತಿ ಹಾಲಮ್ಮ ಒಲೆ ಮುಂದೆ ಮುದುರಿಕೊಂಡು ಬಿದ್ದಿದ್ದಳು. ಎರಡು ದಿನದಿಂದ ಹೊಟ್ಟೆನೋವು ಅನ್ನುತ್ತಿದ್ದಳು, ಕಷಾಯ ಕುಡಿದು ಸುಮ್ಮನಾಗುತ್ತಿದ್ದಳು. ಅವತ್ತು ಮೈ ಕೆಂಡದ ಹಾಗೆ ಸುಡುತ್ತಿತ್ತು. ಪಕ್ಕದ ಮನೆಯ ಈರಕ್ಕ, ತಿಮ್ಮರಾಯಪ್ಪ ಇಬ್ಬರೂ ಸೇರಿ ಹಿಡಿದುಕೊಂಡು ಹತ್ತಿರದ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, "ಕರುಳಿಗೆ ಆಪರೇಷನ್ ಆಗಬೇಕು, ಈಗಲೇ ಶಿವಮೊಗ್ಗಕ್ಕೆ ಕರ್ಕೊಂಡೋಗಿ. ಬಸ್ಸಿಗೆ ಕಾಯ್ಬೇಡಿ," ಎಂದರು.

ಕಡೂರಿನಲ್ಲಿದ್ದ ಎರಡು ಬಾಡಿಗೆ ಕಾರುಗಳೂ ದೂರದ ಸವಾರಿಗೆ ಹೋಗಿದ್ದವು. ತಿಮ್ಮರಾಯಪ್ಪ ಓಡಿ ಶೆಡ್ಡಿಗೆ ಬಂದ. ಹಸಿರು ಕಾರು ನಿಂತಿತ್ತು. ಕೀಲಿ ಅವನ ಜೇಬಿನಲ್ಲೇ ಇತ್ತು, ಟ್ಯಾಂಕಿನಲ್ಲಿ ಪೆಟ್ರೋಲಿತ್ತು. ಸರಿಯಾಗಿ ಓಡಿದರೆ ಒಂದೂಕಾಲು ಗಂಟೆ.

ಅವನು ಬಾಗಿಲು ತೆಗೆದು ಕೂತ. ಕೀಲಿ ತಿರುವಿದ. ಒಂದೇ ಸಲಕ್ಕೆ ಸ್ಟಾರ್ಟಾಯಿತು. ಎಂಜಿನ್ ಚೆನ್ನಾಗಿಯೇ ಗುನುಗುತ್ತಿತ್ತು. ಅವನು ಕೂತೇ ಇದ್ದ. ಪಂಪು ತಾನೇ ಬಿಚ್ಚಿ ಜೋಡಿಸಿದ್ದು, ಅದರ ಒಳಗಿನ ಪಾಯಿಂಟು ಎಷ್ಟು ಸವೆದಿದೆ ಎಂದು ಗೊತ್ತು. ನೀರಿನ ಹೋಸ್ ಪೈಪು ಜೀಪಿನದ್ದು, ಕತ್ತರಿಸಿ ಹಾಕಿದ್ದು. ಹಿಂದಿನ ಎಡಚಕ್ರದಲ್ಲಿ ಮೂರು ಕಡ್ಡಿ ಇಲ್ಲ. ತರೀಕೆರೆ ದಾಟಿದ ಮೇಲೆ ಜನವಿಲ್ಲದ ಕಡೆ ನಿಂತುಬಿಟ್ಟರೆ? ಹಾಲಮ್ಮನನ್ನು ಸೀಟಿನಲ್ಲಿ ಬಿಟ್ಟು ಬಾನೆಟ್ಟು ಎತ್ತಿ ನಿಂತ ತನ್ನನ್ನು ತಾನೇ ಕಂಡ.

ಎಂಜಿನ್ ಆರಿಸಿ ರಸ್ತೆಗೆ ಇಳಿದ. ಶಿವಮೊಗ್ಗದ ಕಡೆ ಹೊರಟಿದ್ದ ತೆಂಗಿನಕಾಯಿ ಲಾರಿಗೆ ಅಡ್ಡ ನಿಂತು ಕೈ ಮುಗಿದ. ಡ್ರೈವರು ಜವರಯ್ಯ ಪರಿಚಯದವನೇ. ಲಾರಿಯನ್ನು ಡಾಕ್ಟರ ಬಾಗಿಲಿಗೆ ತಂದು ಹಾಲಮ್ಮನನ್ನು ಕ್ಯಾಬಿನ್ನಿನಲ್ಲಿ ಮಲಗಿಸಿದರು. ಕಾರಿನ ಕೀಲಿಯನ್ನು ತಿಮ್ಮರಾಯಪ್ಪ ಈರಕ್ಕನ ಕೈಗೆ ಕೊಟ್ಟ. ತುಂಬಿದ ಲಾರಿ, ಏರು ಬಂದಲ್ಲೆಲ್ಲ ಎತ್ತಿನ ಗಾಡಿಯಂತೆ ತೆವಳಿತು. ಹಾಲಮ್ಮ ಒಂದೊಂದು ಹಳ್ಳಕ್ಕೂ ಅವನ ಕೈ ಹಿಂಡುತ್ತಿದ್ದಳು. ಶಿವಮೊಗ್ಗ ಮುಟ್ಟಲು ಮೂರು ಗಂಟೆ ಹಿಡಿಯಿತು.

ಆಪರೇಷನ್ ಆಯಿತು. ಕರುಳಿನ ತುದಿ ಒಡೆದು ಕೀವು ಹರಡಿತ್ತಂತೆ. "ಒಂದು ಗಂಟೆ ಮುಂಚೆ ಬಂದಿದ್ರೆ ಇಷ್ಟು ಕಷ್ಟ ಇರ್ತಿರ್ಲಿಲ್ಲ," ಎಂದರು ಆಪರೇಷನ್ ಮಾಡಿದ ಡಾಕ್ಟರು. ಬೈದು ಹೇಳಿದ್ದಲ್ಲ. ಆದರೂ ತಿಮ್ಮರಾಯಪ್ಪ ಗೋಡೆಗೆ ಒರಗಿ ಕೂತವನು ಏಳಲಿಲ್ಲ.

ಮರುದಿನ ಮಧ್ಯಾಹ್ನ ಆಸ್ಪತ್ರೆಯ ಅಂಗಳದಲ್ಲಿ ಪರಿಚಯದ ಸದ್ದು ಕೇಳಿಸಿತು. ದೇವೀರಪ್ಪನವರು ಕಾರಿನಿಂದ ಇಳಿದರು, ಜೊತೆಗೆ ಪ್ರೇಮಮ್ಮನವರು. ಶೆಡ್ಡಿಗೆ ಬಂದು ಸುದ್ದಿ ಕೇಳಿ, ಈರಕ್ಕನ ಹತ್ತಿರ ಕೀಲಿ ಈಸಿಕೊಂಡು ನೇರ ಬಂದಿದ್ದರು. ಹಾಲಮ್ಮನನ್ನು ನೋಡಿ, ಎಳನೀರು ಇಟ್ಟು, ಹೊರಗೆ ಬಂದ ಮೇಲೆ ದೇವೀರಪ್ಪನವರ ಮುಖ ಅರಳಿತು.

"ಒಂದು ಗಂಟೆ ಹತ್ತು ನಿಮಿಷ ಕಣಯ್ಯಾ! ಎಲ್ಲೂ ನಿಲ್ಲಿಲ್ಲ. ಏನ್ ಕೈಗುಣ ನಿಂದು!" ಎಂದರು. ಆಮೇಲೆ ಏನೋ ಹೊಳೆದು, "ಅಲ್ಲಾ, ಕಾರು ನಿನ್ ಶೆಡ್ಡಲ್ಲೇ ಇತ್ತಲ್ಲ. ಕೀಲೀನೂ ಇತ್ತು. ನನ್ನ ಕೇಳ್ಬೇಕಿತ್ತಾ? ಇದರಲ್ಲೇ ಕರ್ಕೊಂಡ್ ಬರೋದಲ್ವಾ?"

ತಿಮ್ಮರಾಯಪ್ಪ ಬಾಗಿ ಹಿಂದಿನ ಎಡಚಕ್ರದ ಕಡ್ಡಿಗಳನ್ನು ಮುಟ್ಟಿ ನೋಡಿದ.

"ಹೇಳಪ್ಪಾ. ನಾನೇನಂದ್ಕೋತೀನೋ ಅಂತಾನಾ?"

"ಅಲ್ಲ ಯಜಮಾನ್ರೆ. ನಂಬಿಕೆ ಬರ್ಲಿಲ್ಲ."

"ನೀನೇ ಮಾಡಿದ ರಿಪೇರಿ ಮೇಲೆ?"

"ಅದಕ್ಕೇ."

ದೇವೀರಪ್ಪನವರು ಹೆಂಡತಿಯ ಕಡೆ ನೋಡಿದರು. ಪ್ರೇಮಮ್ಮನವರು ಸೆರಗಿನ ತುದಿ ಸುತ್ತುತ್ತಾ ನಿಂತಿದ್ದರು. "ನಮ್ಮನ್ನ ಮಾತ್ರ ಧೈರ್ಯವಾಗಿ ಹೋಗಿ ಅಂತಿದ್ದೆ," ಎಂದರು ಮೆತ್ತಗೆ. ಕೋಪವಿರಲಿಲ್ಲ, ಬರೀ ದಣಿವಿತ್ತು. ತಿಮ್ಮರಾಯಪ್ಪನಿಗೆ ಬೈಗುಳವೇ ವಾಸಿ ಅನ್ನಿಸಿತು.

"ಯಜಮಾನ್ರು ಖುಷಿಯಾಗಿ ಕೇಳ್ತಿದ್ರು ಅಮ್ಮಾ. ಇಲ್ಲ ಅನ್ನೋಕೆ ಬಾಯಿ ಬರ್ತಿರ್ಲಿಲ್ಲ."

ವಾಪಸು ಹೋಗುವಾಗ ಕಾರು ತರೀಕೆರೆಯ ಹತ್ತಿರ ನಿಂತಿತು. ಪ್ರೇಮಮ್ಮನವರ ಏಟಿಗೂ ಜಗ್ಗಲಿಲ್ಲ. ದೇವೀರಪ್ಪನವರು ನಾಲ್ಕು ಜನರನ್ನು ಕರೆದು ತಳ್ಳಿಸಿ, ತೀರ್ಥಪ್ಪ ಎಂಬ ಪರಿಚಯದವರ ಅಕ್ಕಿ ಗಿರಣಿಯ ಒಳಗೆ ನಿಲ್ಲಿಸಿ, ಅಜ್ಜಂಪುರದ ಬಸ್ಸು ಹತ್ತಿದರು. ಈ ಸಲ ಯಾವ ಕಂಡಕ್ಟರಿಗೂ ಹೇಳಿ ಕಳಿಸಲಿಲ್ಲ.

ಹಾಲಮ್ಮ ಮನೆಗೆ ಬರಲು ಇಪ್ಪತ್ತೆರಡು ದಿನ ಹಿಡಿಯಿತು. ಕೊಡ ಎತ್ತಲಾಗುತ್ತಿರಲಿಲ್ಲ, ಆದರೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಯಾಕೆ ಲಾರಿ ಹತ್ತಿಸಿದೆ ಎಂದು ಅವಳು ಕೇಳಲಿಲ್ಲ. ಒಂದು ದಿನ ಅವನೇ ಎಲ್ಲ ಹೇಳಿದಾಗ, "ಆ ಕಾರಲ್ಲಿ ಕೂತಿದ್ರೆ ನಂಗೆ ಭಯದಲ್ಲೇ ಜೀವ ಹೋಗ್ತಿತ್ತು ಬಿಡು," ಎಂದಳು.

ಶ್ರಾವಣದಲ್ಲಿ ತಿಮ್ಮರಾಯಪ್ಪ ಯಾರೂ ಕರೆಯದಿದ್ದರೂ ಚೀಲ ಹೊತ್ತು ತರೀಕೆರೆಗೆ ಹೋದ. ಪಂಪಿಗೆ ಹೋಗುವ ವೈರು ಸಡಿಲವಾಗಿತ್ತು, ಅಷ್ಟೇ. ಅದನ್ನು ಬಿಗಿಮಾಡಿ, ಕಾರಿನ ಮೇಲಿನ ಹೊಟ್ಟಿನ ಧೂಳು ಒರೆಸುತ್ತಿದ್ದಾಗ ದೇವೀರಪ್ಪನವರು ಬಂದರು. ಗಿರಣಿಯವರು ಫೋನು ಮಾಡಿದ್ದರಂತೆ. ಬಸ್ಸಿನಲ್ಲಿ ನಿಂತು ಬಂದು ಅವರ ಅಂಗಿ ಮುದುರಿತ್ತು.

"ಸರಿ ಹೋಯ್ತಾ?"

"ಸ್ಟಾರ್ಟಾಗ್ತದೆ. ಆದ್ರೆ ಹೋಸ್ ಪೈಪು ಇದರದ್ದಲ್ಲ. ಪಂಪು ಯಾವತ್ತು ಸಾಯ್ತದೋ ಗೊತ್ತಿಲ್ಲ. ಇದರ ಸಾಮಾನು ಬೊಂಬಾಯಲ್ಲೂ ಸಿಗ್ತಿಲ್ಲ. ಅಜ್ಜಂಪುರ ಮುಟ್ಟಬೋದು, ಮುಟ್ಟದೇನೂ ಇರ್ಬೋದು."

ದೇವೀರಪ್ಪನವರು ಕಾರಿನ ಮೇಲೆ ಉಳಿದಿದ್ದ ಧೂಳನ್ನು ಅಂಗೈಯಿಂದ ಒರೆಸಿದರು. "ಮೊದಲ ದಿನಾನೇ ಹಿಂಗೆ ಹೇಳಿದ್ರೆ ನಾನು ಕೇಳ್ತಿದ್ನೇನಯ್ಯಾ?"

"ಇಲ್ಲ ಅನ್ಸುತ್ತೆ."

"ನಂಗೂ ಹಂಗೇ ಅನ್ಸುತ್ತೆ. ಹತ್ತು."

ಮೆಲ್ಲಗೆ ಹೋದರು. ದಾರಿಯಲ್ಲಿ ಒಂದು ಸಲ ಇಳಿದು ನೀರು ಹಾಕಿದರು. ಅಜ್ಜಂಪುರ ಮುಟ್ಟಿತು. ಕಾರನ್ನು ಮಂಡಿಯ ಹಿಂದೆ, ಈರುಳ್ಳಿ ಒಣಹಾಕುವ ಮಾಡಿನ ಕೆಳಗೆ ನಿಲ್ಲಿಸಿದರು. ಹಬ್ಬದ ದಿನ ಊರೊಳಗೆ ಒಂದು ಸುತ್ತು ಹಾಕೋಕೆ ಇರಲಿ, ದೂರಕ್ಕೆ ಬೇಡ ಎಂದರು ದೇವೀರಪ್ಪನವರು. ಪ್ರೇಮಮ್ಮನವರು ಇಬ್ಬರಿಗೂ ಊಟ ಬಡಿಸಿದರು. ಹಾಲಮ್ಮನಿಗೆಂದು ಎರಡು ಸೇರು ತುಪ್ಪ ಕಟ್ಟಿಕೊಟ್ಟರು.

ನಾಲ್ಕು ಗಂಟೆಯ ಪ್ಯಾಸೆಂಜರ್ ರೈಲಿಗೆ ತಿಮ್ಮರಾಯಪ್ಪ ಹತ್ತಿದ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತುಪ್ಪದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತಲೆ ಒರಗಿಸಿದ. ಬೀರೂರು ಬಂದದ್ದು ಗೊತ್ತಾಯಿತು, ಕಡೂರು ಬಂದದ್ದು ಗೊತ್ತಾಗಲಿಲ್ಲ. ಎದುರಿಗೆ ಕೂತ ಮುದುಕ ತಟ್ಟಿ ಎಬ್ಬಿಸಿದಾಗ ರೈಲು ಅರಸೀಕೆರೆಯಲ್ಲಿ ನಿಂತಿತ್ತು.

"ಎಲ್ಲಿಗಪ್ಪಾ ಹೋಗ್ಬೇಕು ನೀನು?"

"ಕಡೂರಿಗೆ," ಎಂದ ತಿಮ್ಮರಾಯಪ್ಪ. ಇಳಿದು, ವಾಪಸು ಹೋಗುವ ಗಾಡಿ ಯಾವಾಗ ಎಂದು ಕೇಳಿಕೊಂಡು, ಅಲ್ಲೇ ಬೆಂಚಿನ ಮೇಲೆ ಕೂತ.